ತುಂಬುತೋಳಿನ ರವಿಕೆ

ಆ ಹಟ್ಟಿಯಲ್ಲಿ ತುಂಬುತೋಳಿನ ರವಿಕೆ ತೊಟ್ಟ ಮೊದಲ ಹೆಂಗಸು ಗಿರಿಯಮ್ಮ. ಅವಳ ಅತ್ತೆಯ ಕಾಲದವರು ರವಿಕೆಯನ್ನೇ ತೊಟ್ಟವರಲ್ಲ. ಸೆರಗು ಬಿಗಿದು ಕಟ್ಟಿ, ಕುರಿ ಕಾದು, ಮಕ್ಕಳನ್ನು ಹೆತ್ತು, ಮಣ್ಣಾಗಿ ಹೋದರು. ಆಮೇಲಿನವರು ತುಂಡುತೋಳಿನದು ತೊಟ್ಟರು. ಗಿರಿಯಮ್ಮನದು ಮಾತ್ರ ಕತ್ತಿನ ಬುಡದಿಂದ ಮಣಿಕಟ್ಟಿನವರೆಗೆ. ಬಿಸಿಲಿಗೆ ಬಂಡೆ ಕಾದು ಕಾಲಿಡಲಾಗದ ದಿನಗಳಲ್ಲೂ ಅದೇ. ಬಾವಿಯ ಹತ್ತಿರ ಹೆಂಗಸರು ಆಡಿಕೊಳ್ಳುತ್ತಿದ್ದರು, ನಿಡುಗಲ್ ಕಡೆಯವರ ಸೋಕಿ ನೋಡ್ರಮ್ಮ ಎಂದು. ಗಿರಿಯಮ್ಮ ನಕ್ಕು ಸುಮ್ಮನಾಗುತ್ತಿದ್ದಳು. ಸೋಕಿ ಅಂತಲೇ ಅಂದುಕೊಳ್ಳಲಿ. ಅವಳಿಗೆ ಬೇಕಾಗಿದ್ದುದೂ ಅದೇ.

ರವಿಕೆಯ ಒಳಗೆ ಗಂಟುಗಳಿದ್ದವು. ಬೆನ್ನಿನ ತುಂಬ, ಹೊಟ್ಟೆಯ ಮೇಲೆ, ತೋಳುಗಳ ಮೇಲೆ. ಕೆಲವು ಹೆಸರುಕಾಳಿನಷ್ಟು, ಕೆಲವು ಅಡಿಕೆಯಷ್ಟು. ಒತ್ತಿದರೆ ಮೆತ್ತಗೆ ಒಳಗೆ ಹೋಗಿ ಮತ್ತೆ ಮೇಲೇಳುತ್ತಿದ್ದವು. ನಡುವೆ ಅಲ್ಲಲ್ಲಿ ಟೀ ಚೆಲ್ಲಿದಂಥ ಕಂದು ಮಚ್ಚೆಗಳು. ಮಚ್ಚೆ ಹುಟ್ಟಿನಿಂದಲೇ ಇದ್ದವು. ಗಂಟುಗಳು ಮೈನೆರೆದ ವರ್ಷ ಶುರುವಾದವು, ಮಗಳನ್ನು ಹೊತ್ತಾಗ ಹೆಚ್ಚಿದವು. ಅವಳ ಅಪ್ಪನಿಗೂ ಇದ್ದವು. ನಿಡುಗಲ್ ಬೆಟ್ಟದ ಕೆಳಗೆ ಕುರಿ ಮೇಯಿಸುತ್ತಿದ್ದ ಆ ಮನುಷ್ಯ ಸಾಯುವತನಕ ಹೆಗಲ ಮೇಲಿನ ಕಂಬಳಿ ಇಳಿಸಲಿಲ್ಲ. ಮಗಳನ್ನು ಗಂಡನ ಮನೆಗೆ ಕಳಿಸುವ ದಿನ, ಅರ್ಧ ತೆಲುಗು ಅರ್ಧ ಕನ್ನಡದ ತನ್ನ ಮಾತಿನಲ್ಲಿ ಅವನು ಹೇಳಿದ್ದು ಒಂದೇ: "ಎವರಿಕೀ ಚೂಪಿಂಚೊದ್ದಮ್ಮಾ. ಯಾರ್ಗೂ ತೋರಿಸ್ಬ್ಯಾಡ." ಬಳುವಳಿಯಾಗಿ ಬಂದ ಕುರಿಗಳು ಸತ್ತವು. ಆ ಮಾತು ಸಾಯಲಿಲ್ಲ.

ಗಂಡ ಕ್ಯಾತಪ್ಪನಿಗೆ ಗೊತ್ತಿರಲಿಲ್ಲವೇ? ಕತ್ತಲಲ್ಲಿ ಕೈಗೆ ಸಿಗದೆ ಇರುತ್ತವೆಯೇ? ಅವನು ಕೇಳಲಿಲ್ಲ, ಇವಳು ಹೇಳಲಿಲ್ಲ. ಸಂಸಾರ ನಡೆಯಿತು.

ಗೊತ್ತಿದ್ದ ಇನ್ನೊಬ್ಬಳು ಸಿರಾದ ಚಾಂದ್ ಬಿ. ಮಸೀದಿ ಹಿಂದಿನ ಗಲ್ಲಿಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡಿದ್ದ ಮುದುಕಿ. ಮೊದಲ ರವಿಕೆಗೆ ಅಳತೆ ತೆಗೆಯುವಾಗಲೇ ಅವಳ ಬೆರಳು ಎಲ್ಲವನ್ನೂ ಮುಟ್ಟಿತ್ತು. ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ತೋಳು ಸಡಿಲ ಇಡ್ತೀನಿ, ಒತ್ತಬಾರದು ಎಂದಳು, ಅಷ್ಟೇ. ಗಿರಿಯಮ್ಮನ ಮೈಯನ್ನು ಹಗಲು ಹೊತ್ತಿನಲ್ಲಿ ಹೇಸದೆ ಮುಟ್ಟಿದ್ದು ಆ ಒಂದು ಕೈ.

ಒಬ್ಬಳೇ ಮಗಳು ಈರಕ್ಕ. ಹಾಲು ಕರೆಯುವುದರಲ್ಲಿ ಹಟ್ಟಿಗೇ ಎತ್ತಿದ ಕೈ. ಬೇರೆಯವರಿಗೆ ಒದೆಯುವ ಮೇಕೆ ಅವಳ ಕೈ ತಾಗಿದರೆ ಮೆಲುಕು ಹಾಕುತ್ತ ನಿಲ್ಲುತ್ತಿತ್ತು. ಆ ಹಟ್ಟಿಯಲ್ಲಿ ಜುಂಜಪ್ಪನ ಗುಡಿಗೆ ಮೀಸಲು ಹಾಲು ಒಯ್ಯುವುದು ಮೈನೆರೆಯದ ಹುಡುಗಿಯರ ಕೆಲಸ. ಒಂದು ಸೋಮವಾರ ಹಾಲಿನ ಗಡಿಗೆ ಹೊತ್ತು ಗುಡಿಯ ಬಯಲಲ್ಲಿ ನಡೆಯುತ್ತಿದ್ದಾಗಲೇ ಈರಕ್ಕ ಮುಟ್ಟಾದಳು. ಮೊದಲ ಸಲ. ಏನಾಯಿತೆಂದು ಅವಳಿಗೇ ತಿಳಿಯಲಿಲ್ಲ. ಹಾಲು ಇಟ್ಟು ಓಡಿಬಂದು ಅವ್ವನಿಗೆ ಹೇಳಿದಳು. ಗಿರಿಯಮ್ಮ ಅವಳ ಬಾಯಿ ಮುಚ್ಚಿಸಿ, ಹಟ್ಟಿಯಾಚೆಯ ಗುಡಿಸಲಿಗೆ ಕರೆದೊಯ್ದು ಕೂರಿಸಿ, ಇಲ್ಲೇ ಆಯಿತು ಎಂದು ಹೇಳಿಕೊಂಡು ಬಂದಳು.

ಆ ಗುಡಿಸಲ ವಿಷಯ ಹೇಳಬೇಕು. ಹಟ್ಟಿಯ ಸುತ್ತ ಕಳ್ಳೆಯ ಮುಳ್ಳುಬೇಲಿ. ಮುಟ್ಟಾದವಳು, ಹೆತ್ತವಳು ಬೇಲಿಯ ಆಚೆ. ಮಳೆ ಹೊಡೆಯಲಿ, ಹಸುಗೂಸು ನೀಲಿಗಟ್ಟಲಿ, ಆಚೆಯೇ. ನಾಯಿ ಒಳಗೆ ಬರಬಹುದು, ಕುರಿ ಬರಬಹುದು, ಹೆತ್ತವಳು ಬರುವಂತಿಲ್ಲ. ದೇವರು ಹೇಳಿದ್ದು ಎನ್ನುತ್ತಾರೆ. ಯಾರ ಕಿವಿಯಲ್ಲಿ ಹೇಳಿದ ಎಂದರೆ ಪೂಜಾರಿ ಚಿಕ್ಕರಂಗಯ್ಯನ ಕಿವಿಯಲ್ಲಿ. ಚಿಕ್ಕರಂಗಯ್ಯ ಒಂದು ದಿನವಾದರೂ ಆ ಗುಡಿಸಲಲ್ಲಿ ಮಲಗಿದವನಲ್ಲ.

ಈರಕ್ಕ ಮೈನೆರೆದ ಮೇಲೆ ಅವಳ ಮೈಯಲ್ಲೂ ಗಂಟುಗಳು ಎದ್ದವು. ಬೆನ್ನಿನ ಮೇಲೆ ಸಣ್ಣವು. ಬಲತೋಳಿನ ಹೊರಗಡೆ, ಮೊಣಕೈಗಿಂತ ಮೇಲೆ, ಒಂದು ದೊಡ್ಡದು. ಬೆನ್ನಿನವನ್ನು ಸೀರೆ ಮುಚ್ಚಿತು. ತೋಳಿನದನ್ನು ಕ್ಯಾತಪ್ಪನ ಅಕ್ಕ ಪುಟ್ಟಕ್ಕ ಕಂಡಳು. ಗಂಡ ಸತ್ತ ಮೇಲೆ ತಮ್ಮನ ಮನೆ ಸೇರಿದ್ದ ಪುಟ್ಟಕ್ಕನ ಕಣ್ಣು ತಪ್ಪಿಸುವುದು ಸುಲಭವಲ್ಲ. ಒಲೆಯ ಮುಂದೆ ಕೂತು ಕೇಳಿಯೇಬಿಟ್ಟಳು, ನಮ್ಮ ವಂಶದಲ್ಲಿ ಯಾರಿಗೂ ಇಂಥದ್ದಿಲ್ಲ, ನಿಮ್ಮ ಕಡೆ ಇದೆಯೇನೆ ಎಂದು.

ಇದೆ ಎಂದರೆ ಏನಾಗುತ್ತದೆ ಎಂದು ಗಿರಿಯಮ್ಮನಿಗೆ ಗೊತ್ತಿತ್ತು. ಕ್ಯಾತಪ್ಪನಿಗೆ ಇನ್ನೊಂದು ಹೆಣ್ಣು ತರುತ್ತಾರೆ. ಇವಳನ್ನು ತವರಿಗೆಂದು ಪಾವಗಡದ ಬಸ್ಸು ಹತ್ತಿಸುತ್ತಾರೆ. ಬಾಯಿಗೆ ಬಂದದ್ದನ್ನು ಆಡಿಬಿಟ್ಟಳು: "ನಮ್ ಕಡೆ ಎಲ್ಲೈತೆ ಅತ್ಗೆ? ಮೀಸ್ಲು ಹಾಲು ಹೊತ್ತಾಗ್ಲೇ ಮುಟ್ಟಾದ್ಲು ಇವ್ಳು. ದ್ಯಾವ್ರು ಮುನಿದವ್ನೆ."

ಹೀಗೆ, ಬೇರೆ ಯಾರೂ ಅಲ್ಲ, ಹೆತ್ತ ತಾಯಿಯೇ ಮಗಳ ಮೇಲೆ ಅದನ್ನು ಹೊರಿಸಿದಳು. ಸಂಜೆಯೊಳಗೆ ಹಟ್ಟಿಗೆಲ್ಲ ತಿಳಿಯಿತು. ಚಿಕ್ಕರಂಗಯ್ಯ ತಪ್ಪುಕಾಣಿಕೆಗೆಂದು ಕುರಿ ಕಡಿಸಿದ. ಗಂಟು ಹೋಗಲಿಲ್ಲ. ಈರಕ್ಕ ಯಾರನ್ನೂ ಬಯ್ಯಲಿಲ್ಲ. ತನ್ನದೇ ತಪ್ಪು ಎಂದು ನಂಬಿದಳು. ಗುಡಿಯ ಕಡೆ ಮುಖ ಮಾಡುವಾಗೆಲ್ಲ ಕೆನ್ನೆಗೆ ಹೊಡೆದುಕೊಳ್ಳುತ್ತಿದ್ದಳು. ಒಲೆಯ ಹತ್ತಿರ ಕೂತ ಗಿರಿಯಮ್ಮನಿಗೆ ಆ ಸದ್ದು ಕೇಳುತ್ತಿತ್ತು. ಕೇಳಿಯೂ ಮುದ್ದೆ ಕೂಡಿಸುತ್ತಿದ್ದಳು.

ಗಂಟು ಬೆಳೆಯಿತು. ಸೌದೆಯ ಹೊರೆ ತಗುಲಿದರೆ, ಮೇಕೆ ಹಾಯ್ದರೆ, ಈರಕ್ಕ ಕೈ ಒದರಿಕೊಂಡು ಕೂತುಬಿಡುವಳು. ಕೊನೆಗೆ ಕ್ಯಾತಪ್ಪ ಸಿರಾಕ್ಕೆ ಕರೆದುಕೊಂಡು ಹೋಗಿ ಆಪರೇಷನ್ ಮಾಡಿಸೋಣವೆಂದ. ಎಮರ್ಜೆನ್ಸಿ ಮುಗಿದ ಮಾರನೇ ವರ್ಷ ಅದು. ಹಟ್ಟಿಯಲ್ಲಿ ಆಪರೇಷನ್ ಎಂಬ ಮಾತಿಗೆ ಇದ್ದುದು ಒಂದೇ ಅರ್ಥ, ಜೀಪಿನಲ್ಲಿ ಹೊತ್ತೊಯ್ದು ಗಂಡಸರಿಗೆ ಮಕ್ಕಳಾಗದಂತೆ ಮಾಡಿದ್ದು. ಮದುವೆಯಾಗದ ಹುಡುಗಿಗೆ ಎಂಥ ಆಪರೇಷನ್ನು ಎಂದು ಬಾವಿಯ ಹತ್ತಿರ ಪಿಸುಗುಟ್ಟಿದರು. ಆ ಮಾತಿಗೆ ಹೆದರಿ ಪುಟ್ಟಕ್ಕನೂ ಸಾಕ್ಷಿಗೆಂದು ಜೊತೆಗೆ ಬಂದಳು.

ವೃಷಭೇಂದ್ರಪ್ಪ ಡಾಕ್ಟರ ಶಾಪು ಬಸ್ ಸ್ಟ್ಯಾಂಡಿನ ಹಿಂದೆ. ಹಟ್ಟಿಯವರನ್ನು ಒಳಗೆ ಕರೆಯುವುದು ಎಲ್ಲರದೂ ಮುಗಿದ ಮೇಲೆ. ಅವರು ಒಳಗೆ ಬಂದರೆ ಕಾಂಪೌಂಡರು ಮೂಗು ಸಿಂಡರಿಸಿ ಕಿಟಕಿ ತೆಗೆಯುವನು. ಡಾಕ್ಟರು ಕುರ್ಚಿಯಿಂದ ಏಳಲಿಲ್ಲ. ಪೆನ್ನಿನ ತುದಿಯಲ್ಲಿ ಗಂಟನ್ನು ಒತ್ತಿದರು. ಕೈಯಲ್ಲಿ ಮುಟ್ಟಲಿಲ್ಲ. ಕೊಬ್ಬಿನ ಗೆಡ್ಡೆ, ಬಿಡಿಸಿ ಎಸೆದರಾಯಿತು, ಸಂಜೆಗೆ ಮನೆಗೆ ಹೋಗಬಹುದು ಎಂದರು. ಸೆರಗು ಸರಿಸಿ ಬೆನ್ನು ನೋಡಿದ್ದರೆ ಅಲ್ಲಿ ಮಚ್ಚೆಗಳಿದ್ದವು, ಸಣ್ಣ ಗಂಟುಗಳಿದ್ದವು. ನೋಡಲಿಲ್ಲ. ನೋಡಲು ಏಳಬೇಕಿತ್ತು. ಚೀಟಿ ಬರೆಯುತ್ತ ಬರೆಯುತ್ತ, ತಲೆ ಎತ್ತದೆ, ಒಂದು ಮಾತು ಕೇಳಿದರು:

"ಮನೇಲಿ ಬೇರೆ ಯಾರಿಗಾದ್ರೂ ಹೀಗಿದೆಯೇನಮ್ಮ?"

ಬಾಗಿಲಲ್ಲಿ ಪುಟ್ಟಕ್ಕ ನಿಂತಿದ್ದಳು. ಗಿರಿಯಮ್ಮ ರವಿಕೆಯ ತೋಳನ್ನು ಇನ್ನೂ ಕೆಳಕ್ಕೆ ಎಳೆದುಕೊಂಡಳು.

"ಇಲ್ಲ ಸ್ವಾಮಿ."

ಈರಕ್ಕನನ್ನು ಮೇಜಿನ ಮೇಲೆ ಮಲಗಿಸಿದರು. ತೋಳಿಗೆ ಮಾತ್ರ ಸೂಜಿ ಚುಚ್ಚಿದರು. ಗಿರಿಯಮ್ಮ ಪರದೆಯ ಈಚೆ ನಿಂತಿದ್ದಳು. ಒಳಗೆ ಕತ್ತರಿ ಬಟ್ಟಲಿಗೆ ಬೀಳುವ ಸದ್ದು. ಆಮೇಲೆ ಮಗಳ ಕೂಗು: "ಬೆರಳಿಗೆ ಬೆಂಕಿ ಹೋಯ್ತಾ ಐತೆ ಸ್ವಾಮಿ. ಅದ್ನ ಎಳೀಬ್ಯಾಡಿ. ಬುಟ್ಬುಡಿ."

ಡಾಕ್ಟರು ರೇಗಿದರು. ಕುರಿ ಕಡಿಯುವವರ ಮಗಳು ಇಷ್ಟಕ್ಕೆ ಕೂಗಾಡುತ್ತೀಯಾ ಎಂದರು. ಕಾಂಪೌಂಡರಿಗೆ ಕಾಲು ಹಿಡಿದುಕೊಳ್ಳಲು ಹೇಳಿದರು.

ಗಿರಿಯಮ್ಮನಿಗೆ ಆ ಬೆಂಕಿ ಗೊತ್ತಿತ್ತು. ಅವಳ ಎಡತೋಳಿನಲ್ಲೂ ಅಂಥದ್ದೊಂದಿತ್ತು. ಕೊಡದ ಅಂಚು ತಗುಲಿದರೆ ಕಿರುಬೆರಳ ತುದಿಯವರೆಗೆ ಕಿಡಿ ಹರಿಯುತ್ತಿತ್ತು. ಕೊಬ್ಬಿಗೆ ಬೆಂಕಿ ಹತ್ತುವುದಿಲ್ಲ. ಅದು ಕೊಬ್ಬಲ್ಲ ಎಂದು ಆ ಇಡೀ ಶಾಪಿನಲ್ಲಿ ಗೊತ್ತಿದ್ದವರು ಇಬ್ಬರು. ಒಬ್ಬಳು ಮೇಜಿನ ಮೇಲೆ ಕೂಗುತ್ತಿದ್ದಳು. ಇನ್ನೊಬ್ಬಳು ಪರದೆಯ ಈಚೆ ಬಾಯಿಗೆ ಸೆರಗು ತುರುಕಿಕೊಂಡು ನಿಂತಿದ್ದಳು. ಪರದೆ ಎಂದರೆ ಒಂದು ಹಳೇ ಬೆಡ್‌ಶೀಟು. ಸರಿಸಿ ಒಳಗೆ ನುಗ್ಗಬಹುದಿತ್ತು. ನಿಲ್ಲಿಸಿ ಸ್ವಾಮಿ, ನನಗೂ ಐತೆ, ನೋಡಿ ಎನ್ನಬಹುದಿತ್ತು. ಸರಿಸಲಿಲ್ಲ.

ಒಂದು ಕೂಗು ಎದ್ದಿತು. ಆಮೇಲೆ ಏನೂ ಇಲ್ಲ.

ಕಟ್ಟು ಬಿಚ್ಚಿದ ಮೇಲೆ ಈರಕ್ಕನ ಬಲಗೈ ಮಣಿಕಟ್ಟಿನಿಂದ ಕೆಳಕ್ಕೆ ಜೋತುಬಿದ್ದಿತ್ತು, ಹಗ್ಗದ ಮೇಲೆ ಹಾಕಿದ ಒದ್ದೆ ಬಟ್ಟೆಯ ಹಾಗೆ. ಎತ್ತು ಎಂದರೆ ಏಳದು. ಬೆರಳು ಬಿಡಿಸು ಎಂದರೆ ಬಿಡಿಸದು. ಡಾಕ್ಟರು ಬರುತ್ತೆ ಹೋಗಮ್ಮ ಎಂದರು. ಮತ್ತೆ ಹೋದಾಗ, ಹಟಕ್ಕೆ ಎತ್ತುತ್ತಿಲ್ಲ ಎಂದರು. ಮೂರನೇ ಸಲ ಕಾಂಪೌಂಡರು ಒಳಗೇ ಬಿಡಲಿಲ್ಲ.

ಹಾಲು ಕರೆಯುವ ಕೈ. ಮೇಕೆಯ ಕೆಚ್ಚಲ ಕೆಳಗೆ ಕೂತು ಎಡಗೈಯಲ್ಲಿ ಬಲಗೈಯನ್ನು ಎತ್ತಿ ಕೆಚ್ಚಲಿಗೆ ಹಚ್ಚುತ್ತಿದ್ದಳು ಈರಕ್ಕ. ಅದು ಜಾರಿ ಬೀಳುತ್ತಿತ್ತು. ಮತ್ತೆ ಎತ್ತಿ ಹಚ್ಚುತ್ತಿದ್ದಳು. ಮೇಕೆ ಒದ್ದು ಹೋಯಿತು.

ಚಿಕ್ಕರಂಗಯ್ಯನಿಗೆ ಇಷ್ಟು ಸಾಕಾಯಿತು. ಮೀಸಲು ಮುಟ್ಟಿದ ಕೈಯನ್ನು ಜುಂಜಪ್ಪನೇ ತೆಗೆದುಕೊಂಡ ಎಂದ. ಅವನು ಅಪ್ಪಣೆ ಕೊಡುವತನಕ ಹುಡುಗಿ ಬೇಲಿಯ ಆಚೆಯೇ ಇರಲಿ ಎಂದ. ಕ್ಯಾತಪ್ಪ ತಲೆ ತಗ್ಗಿಸಿ ನೆಲ ಕೆರೆದ. ಅಂದಿನಿಂದ ಈರಕ್ಕ ಆ ಗುಡಿಸಲಲ್ಲಿ. ಗಿರಿಯಮ್ಮ ದಿನವೂ ಮುದ್ದೆ ತಂದು ದೂರದಲ್ಲಿಡಬೇಕು, ನೀರು ಮೇಲಿನಿಂದ ಹೊಯ್ಯಬೇಕು. ಹೊಯ್ದ ನೀರಿಗೆ ಮಗಳು ಬೊಗಸೆ ಒಡ್ಡಿದರೆ ಒಂದು ಕೈ ನಿಲ್ಲದೆ ನೀರೆಲ್ಲ ಚೆಲ್ಲುತ್ತಿತ್ತು. ಮುಟ್ಟಾದ ಹೆಂಗಸರು ಬಂದು ಹೋಗುತ್ತಿದ್ದರು. ಈರಕ್ಕ ಅಲ್ಲೇ ಇದ್ದಳು. ಬೇಸಗೆ ಹೋಗಿ ಮಳೆ ಬಂತು, ಮಳೆ ಹೋಗಿ ಚಳಿ ಬಂತು, ಚಳಿಯೂ ಕಳೆಯಿತು.

ಮಲಗಿದರೆ ಗಿರಿಯಮ್ಮನ ಬೆನ್ನಿನ ಗಂಟುಗಳು ಒಂದೊಂದಾಗಿ ಚಾಪೆಗೆ ಒತ್ತುತ್ತಿದ್ದವು. ನಾನು ಒಳಗೆ, ಅವಳು ಹೊರಗೆ ಎಂದು ಅಂದುಕೊಳ್ಳುವಳು. ಬೆಳಗಾದರೆ ಮತ್ತೆ ಗುಂಡಿ ಹಾಕಿಕೊಳ್ಳುವಳು. ತನ್ನ ಮೇಲೆ ತನಗೇ ಅಸಹ್ಯ ಹುಟ್ಟಿತ್ತು. ಆದರೂ ಗುಂಡಿ ಹಾಕಿಕೊಳ್ಳುವಳು.

ಹಳೇ ರವಿಕೆ ಹರಿದು, ಹೊಸದಕ್ಕೆ ಸಿರಾಕ್ಕೆ ಹೋದಾಗ ಚಾಂದ್ ಬಿ ಮಗಳನ್ನು ವಿಚಾರಿಸಿದಳು. ಗಿರಿಯಮ್ಮ ಎಲ್ಲ ಹೇಳಿದಳು. ಚಾಂದ್ ಬಿ ಅಳತೆಯ ಟೇಪು ಕೆಳಗಿಟ್ಟಳು.

"ಡಾಕ್ಟ್ರು ಕೇಳ್ದಾಗ ನಿಂದು ತೋರಿಸ್ದೆಯಾ?"

ಗಿರಿಯಮ್ಮ ಹರಿದ ತೋಳನ್ನು ಮಣಿಕಟ್ಟಿನ ಮೇಲೆ ಎಳೆದುಕೊಂಡಳು.

"ಯಾ ಅಲ್ಲಾ. ನಾನು ಹೊಲಿದ ಬಟ್ಟೇಲಿ ಮುಚ್ಕೊಂಡು ನಿಂತಿದ್ದಿಯಲ್ಲ ಗಿರಿಯಮ್ಮಾ. ನನ್ ಕೈಗೂ ಗುನಾ ಹತ್ತಿಸ್ದೆ, ಪಾಪ ಹತ್ತಿಸ್ದೆ."

ಆ ದಿನ ಅವಳು ರವಿಕೆಗೆ ಅಳತೆ ತೆಗೆಯಲಿಲ್ಲ. ಮೊದಲು ಹುಡುಗಿಯನ್ನು ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗು, ಆಮೇಲೆ ಬಾ ಎಂದು ಕಳಿಸಿದಳು. ಗಿರಿಯಮ್ಮ ಮನೆಗೆ ಬಂದವಳೇ ಕ್ಯಾತಪ್ಪನ ಬೆನ್ನು ಬಿದ್ದಳು. ಮೊದಲ ಬಾರಿಗೆ ಅವನೂ ಪೂಜಾರಿಯನ್ನು ಕೇಳದೆ ಹೊರಟ.

ಬೆಂಗಳೂರಿನ ಡಾಕ್ಟರು ಹೆಂಗಸು. ಈರಕ್ಕನ ಬೆನ್ನಿನ ಒಂದೊಂದು ಗಂಟನ್ನೂ ಬರಿಗೈಯಲ್ಲಿ ಮುಟ್ಟಿ ನೋಡಿದರು. ಮುಟ್ಟುವಾಗ ಈರಕ್ಕ ಅಳುತ್ತಿದ್ದಳು. ನೋಯುತ್ತಾ ಎಂದು ಕೇಳಿದರೆ ಇಲ್ಲ ಎನ್ನುತ್ತಿದ್ದಳು. ಗಿರಿಯಮ್ಮನಿಗೆ ಅಳು ಏಕೆಂದು ಗೊತ್ತಾಯಿತು. ಗುಡಿಸಲು ಸೇರಿದಂದಿನಿಂದ ಅವಳನ್ನು ಯಾರೂ ಮುಟ್ಟಿರಲಿಲ್ಲ.

ಇದು ನರದ ಮೇಲೆ ಏಳುವ ಗಂಟು ಎಂದು ಡಾಕ್ಟರಮ್ಮ ತಿಳಿಸಿ ಹೇಳಿದರು. ಹೆತ್ತವರ ರಕ್ತದಲ್ಲಿ ಬರುವುದು, ಮುಟ್ಟಿದರೆ ಹರಡುವುದಿಲ್ಲ. ಹೆಣ್ಣುಮಕ್ಕಳಿಗೆ ಮೈನೆರೆಯುವ ಕಾಲಕ್ಕೆ ಹೆಚ್ಚುವುದುಂಟು. ನೋವು ಕೊಡುವಂಥದ್ದನ್ನು ನರದ ಎಳೆಗಳಿಂದ ಜೋಪಾನವಾಗಿ ಬಿಡಿಸಬೇಕು, ಆಗದಿದ್ದರೆ ಬಿಟ್ಟುಬಿಡಬೇಕು. ಇಲ್ಲಿ ಗಂಟಿನ ಜೊತೆ ನರವನ್ನೇ ಕತ್ತರಿಸಿ ಹಾಕಿದ್ದಾರೆ. ಆಗಲೇ ಬಂದಿದ್ದರೆ ನರ ಜೋಡಿಸಲು ನೋಡಬಹುದಿತ್ತು, ಈಗ ಕಾಲ ಮೀರಿದೆ. ಆದರೂ ಒಂದು ದಾರಿ ಇದೆ. ಮುಂಗೈಯಲ್ಲಿ ಚೆನ್ನಾಗಿರುವ ಬೇರೆ ಸ್ನಾಯುವನ್ನು ತಿರುಗಿಸಿ ಕಟ್ಟಿದರೆ ಮಣಿಕಟ್ಟು ಮೇಲೇಳಬಹುದು. ಮೊದಲಿನಷ್ಟಲ್ಲ. ಚೊಂಬು ಹಿಡಿಯುವಷ್ಟು, ಹಾಲು ಕರೆಯುವಷ್ಟು. ಯುಗಾದಿ ಕಳೆದು ಬಂದು ಸೇರಿಸಿ ಎಂದರು. ಆಮೇಲೆ ಅವರೂ ಅದೇ ಮಾತು ಕೇಳಿದರು, ಮನೆಯಲ್ಲಿ ಯಾರಿಗಾದರೂ ಇದೆಯೇ ಎಂದು.

ಕ್ಯಾತಪ್ಪ ಗಿರಿಯಮ್ಮನ ಕಡೆ ನೋಡಿದ. ಇಷ್ಟು ವರ್ಷಗಳಲ್ಲಿ ಆ ವಿಷಯಕ್ಕೆ ಅವನು ಅವಳನ್ನು ನೋಡಿದ್ದು ಅದೇ ಮೊದಲು. ಗಿರಿಯಮ್ಮ ತಲೆ ಅಲ್ಲಾಡಿಸಿದಳು, ಇಲ್ಲ ಎಂದು. ಡಾಕ್ಟರಮ್ಮ ಬಿಸಿಲುಗಾಲದ ಆ ತುಂಬುತೋಳನ್ನು ಸ್ವಲ್ಪ ಹೊತ್ತು ನೋಡಿದರು.

"ಮನೇಲಿದೆ ಅಂತ ಮೊದಲೇ ತಿಳಿದಿದ್ರೆ, ಆ ಡಾಕ್ಟ್ರು ಕೊಬ್ಬು ಅಂತ ಕತ್ತರಿ ಹಾಕ್ತಿರಲಿಲ್ಲವೇನೋ" ಎಂದಷ್ಟೇ ಹೇಳಿ ಮುಂದಿನವರನ್ನು ಕರೆದರು.

ಮಾರನೇ ದಿನ ಬೆಳಿಗ್ಗೆ ಅವರು ಹಟ್ಟಿ ಮುಟ್ಟುವುದರೊಳಗೆ ಬೆಂಗಳೂರಿಗೆ ಹೋದ ಸುದ್ದಿ ಮುಟ್ಟಿತ್ತು. ಬೇಲಿಯಲ್ಲಿ ಓಡಾಡಲು ಬಿಟ್ಟ ಒಡ್ಡುಗಂಡಿಯಲ್ಲಿ ಚಿಕ್ಕರಂಗಯ್ಯ ಕುಲದ ಹಿರಿಯರನ್ನು ಕೂರಿಸಿಕೊಂಡು ಕಾಯುತ್ತಿದ್ದ. ಈರಕ್ಕನನ್ನು ಆಚೆಯೇ ನಿಲ್ಲಿಸಿದರು. ಕ್ಯಾತಪ್ಪ, ಗಿರಿಯಮ್ಮ ಈಚೆ ಬಂದು ನಿಂತರು. ಚಿಕ್ಕರಂಗಯ್ಯ ಕೂಗಾಡಲಿಲ್ಲ. ಅವನಿಗೆ ಕೂಗಾಡುವ ಅಗತ್ಯವೇ ಇರಲಿಲ್ಲ. ದೇವರು ತೆಗೆದುಕೊಂಡ ಕೈಯನ್ನು ಡಾಕ್ಟರ ಹತ್ತಿರ ವಾಪಸು ಕೇಳುವಂತಿಲ್ಲ ಎಂದ. ಇನ್ನೊಂದು ಆಪರೇಷನ್ನು ಮಾಡಿಸಿದರೆ ಮನೆಯವರೆಲ್ಲ ಕುಲದಿಂದ ಹೊರಗೆ. ಮಾಡಿಸುವುದಿಲ್ಲ ಎಂದು ಈಗಲೇ ಇಲ್ಲೇ ಮಾತು ಕೊಡಬೇಕು. ಹುಡುಗಿ ಮುಟ್ಟಿನಲ್ಲಿ ಮೀಸಲು ಹೊತ್ತಳೆಂದು ಹೆತ್ತ ತಾಯಿ ಗುಡಿಯ ಕಡೆ ಕೈಯೆತ್ತಿ ಇನ್ನೊಮ್ಮೆ ಹೇಳಬೇಕು.

"ನೀನೇ ಹೇಳಿದ್ದಲ್ವೇನಮ್ಮ. ಇನ್ನೊಂದ್ಸಲ ಹೇಳು, ಮುಗೀತು" ಎಂದ.

ಗಿರಿಯಮ್ಮ ಬೇಲಿಯ ಆಚೆ ನೋಡಿದಳು. ಈರಕ್ಕ ಎಡಗೈಯಲ್ಲಿ ಬಲಗೈಯನ್ನು ಎತ್ತಿ ಹಿಡಿದುಕೊಂಡು, ಬೇರೆ ಯಾರದೋ ಮಗುವನ್ನು ಎತ್ತಿಕೊಂಡವಳ ಹಾಗೆ, ನಿಂತಿದ್ದಳು. ಅವ್ವ ಹೇಳುತ್ತಾಳೆ ಎಂದೇ ಅವಳು ತಿಳಿದಿದ್ದಳು. ಮುಖದಲ್ಲಿ ಸಿಟ್ಟು ಕೂಡ ಇರಲಿಲ್ಲ. ಅದೇ ಗಿರಿಯಮ್ಮನಿಗೆ ತಡೆಯಲಾಗಲಿಲ್ಲ.

"ಹೇಳಾಕಿಲ್ಲ" ಎಂದಳು.

ಆಮೇಲೆ ಅವಳ ಕೈ ಎದೆಗೆ ಹೋಯಿತು. ಒಂದು ಗುಂಡಿ, ಇನ್ನೊಂದು ಗುಂಡಿ. ಗಂಡಸರಿಗೆ ಏನು ನಡೆಯುತ್ತಿದೆ ಎಂದು ಅರ್ಥವಾಗುವ ಮೊದಲೇ ರವಿಕೆ ತೆಗೆದು ನೆಲಕ್ಕೆ ಎಸೆದಿದ್ದಳು. ಸೆರಗನ್ನು ಎದೆಗೆ ಬಿಗಿದು, ಬೆನ್ನು ತಿರುಗಿಸಿ ನಿಂತಳು. ಬೆಳಗಿನ ಬಿಸಿಲು ಆ ಬೆನ್ನಿನ ಮೇಲೆ ಬಿತ್ತು. ಪುಟ್ಟಕ್ಕ ಅಯ್ಯಯ್ಯೋ ಎಂದಳು. ಒಬ್ಬಿಬ್ಬರು ಎದ್ದು ಹಿಂದೆ ಸರಿದರು.

"ನೋಡ್ರಿ. ನಾನ್ಯಾವತ್ತೂ ಮೀಸ್ಲು ಹಾಲು ಹೊತ್ತೋಳಲ್ಲ. ನಂಗ್ಯಾಕೆ ಬಂತು? ನಮ್ಮಪ್ಪನ ಮೈ ತುಂಬ ಇದ್ವು, ಕಂಬ್ಳಿ ಒಳಗೆ ಮುಚ್ಕೊಂಡೇ ಸತ್ತ. ಅವ್ನು ಯಾವತ್ತು ಮುಟ್ಟಾಗಿದ್ದ ಪೂಜಾರಪ್ಪ? ಹೇಳು. ನನ್ ಮಗ್ಳಿಗೆ ಇದ್ನ ಕೊಟ್ಟೋಳು ನಾನು. ದ್ಯಾವ್ರ ಮ್ಯಾಲೆ ಹಾಕ್ದೋಳೂ ನಾನೇ. ಹೊರಗೆ ಹಾಕೋದಾದ್ರೆ ನನ್ನ ಹಾಕ್ಬೇಕಿತ್ತು."

ಚಿಕ್ಕರಂಗಯ್ಯ ಮುಖ ಆಚೆ ತಿರುಗಿಸಿದ. ಮೊದಲು ಮೈ ಮುಚ್ಚಿಕೋ, ಮಾನ ಮರ್ಯಾದೆ ಇಲ್ಲವೇ ಎಂದ.

"ನಿಮ್ಮವ್ವ ರವಿಕೆ ತೊಟ್ಟಿದ್ಲಾ?" ಎಂದಳು ಗಿರಿಯಮ್ಮ.

ಚಿಕ್ಕರಂಗಯ್ಯ ಬೇಲಿಯ ಕಡೆ ಕೈ ತೋರಿಸಿದ. ಹಾಗಾದರೆ ನೀನೂ ಆಚೆ ಹೋಗು ಎಂದ. ಹಿರಿಯರು ಹೂಂಗುಟ್ಟಿದರು. ಗಿರಿಯಮ್ಮ ಕ್ಯಾತಪ್ಪನ ಕಡೆ ನೋಡಿದಳು. ಅವನಿಗೆಲ್ಲ ಗೊತ್ತಿತ್ತು. ಎರಡು ದಶಕದಿಂದ ಅವನ ಕೈಗೆ ಗೊತ್ತಿತ್ತು. ಅವನು ನೆಲ ಕೆರೆಯುತ್ತಿದ್ದ. ಅವಳು ಅವನಿಗಾಗಿ ಕಾಯಲಿಲ್ಲ. ಹೋಗ್ತೀನಿ, ಯುಗಾದಿ ತನಕ ಅವಳ ಜೊತೆ ಗುಡಿಸಲಲ್ಲಿ ಇರ್ತೀನಿ, ಆಮೇಲೆ ಬೆಂಗಳೂರಿಗೆ ಹೋಗ್ತೀನಿ, ಅಲ್ಲಿ ಅವಳ ಕೈಗೆ ಆಪರೇಷನ್ನು ಮಾಡಿಸ್ತೀನಿ, ನಿಮ್ಮ ಅಪ್ಪಣೆ ನಿಮ್ಮ ಹತ್ರಾನೇ ಇರ್ಲಿ ಎಂದು ಹೇಳಿ ಒಡ್ಡುಗಂಡಿ ದಾಟಿದಳು. ದಾಟುವಾಗ ಕಳ್ಳೆಯ ಮುಳ್ಳು ಬೆನ್ನಿಗೆ ಗೀರಿತು. ಗೊತ್ತಾಗಲಿಲ್ಲ.

ಮಗಳು ಬಂದು ತಬ್ಬಿಕೊಳ್ಳುತ್ತಾಳೆ ಎಂದು ಒಂದು ಗಳಿಗೆ ಅವಳಿಗೆ ಅನ್ನಿಸಿತು. ಅನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು.

ಈರಕ್ಕ ತಬ್ಬಿಕೊಳ್ಳಲಿಲ್ಲ. ಅವ್ವನ ಬೆನ್ನನ್ನೇ ನೋಡುತ್ತ ನಿಂತಳು. ಆಮೇಲೆ ಬೇಲಿಯ ಕಂಡಿಯಿಂದ ಎಡಗೈ ಚಾಚಿ, ಈಚೆ ಬಿದ್ದಿದ್ದ ರವಿಕೆಯನ್ನು ಎಳೆದುಕೊಂಡಳು. ಮಣ್ಣು ಕೊಡವಿದಳು. ಅವ್ವನ ಕೈಗಳನ್ನು ಒಂದೊಂದಾಗಿ ತೋಳಿಗೆ ತೂರಿಸಿದಳು. ಗುಂಡಿ ಹಾಕಲು ನೋಡಿದಳು. ಎಡ ಬೆರಳು ಗುಂಡಿಯನ್ನು ಹಿಡಿಯಿತು. ಬಲಗೈ ಎದೆಯವರೆಗೆ ಬಂದು ಜೋತುಬಿತ್ತು. ಇನ್ನೊಮ್ಮೆ ನೋಡಿದಳು. ಮತ್ತೆ ಜೋತುಬಿತ್ತು. ಅವಳು ಆ ಕೈಯನ್ನೂ ಅವ್ವನ ಮುಖವನ್ನೂ ನೋಡಿದಳು.

"ಇದ್ನ ಬಿಚ್ಬೇಕಾಗಿದ್ದು ಇಲ್ಲಲ್ಲ ಕಣವ್ವ" ಎಂದಳು. "ಅವತ್ತು ಸಿರಾದಲ್ಲಿ, ನಾನು ಕೂಗ್ದಾಗ."

ಗಿರಿಯಮ್ಮ ಮಗಳ ಕೈಯನ್ನು ಮೆಲ್ಲಗೆ ಕೆಳಗಿಳಿಸಿ, ತನ್ನ ಗುಂಡಿಗಳನ್ನು ತಾನೇ ಹಾಕಿಕೊಂಡಳು.